ಸಣ್ಣ ಬೆಳೆಗಾರನೂ ಕೈತಯಾರಿಕೆಯ ಚಹಾವೂ

ಮಲೆನಾಡಿನ ಅಡಕೆ ಬೆಳೆಗಾರನು ಸುಲಿದ ಅಡಕೆಯನ್ನು ಬೇಯಿಸಿ, ಒಣಗಿಸಿ, ಚೀಲಕ್ಕೆ ತುಂಬಿ ಅಟ್ಟಕ್ಕೇರಿಸಿದನೆಂದರೆ, ಧಾರಣೆ ಕುಸಿದಿರುವ ತಿಂಗಳಲ್ಲಿ ಮಂಡಿಯ ಕಡೆ ತಲೆಹಾಕದೆ ಇರಬಲ್ಲನು. ಕಾಫಿ ಬೆಳೆಯುವವನು ಹಣ್ಣನ್ನು ಕಣದಲ್ಲಿ ಒಣಗಿಸಿ ಕೆಲವು ಕಾಲ ಕಾಯಬಲ್ಲನು. ಬಯಲುಸೀಮೆಯ ರೈತನ ರಾಗಿಯಂತೂ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ನಿಲ್ಲುವ ಧಾನ್ಯ. ಚಹಾ ಗಿಡವನ್ನು ನೆಟ್ಟವನಿಗೆ ಮಾತ್ರ ಈ ಅನುಕೂಲವಿಲ್ಲ. ಬೆಳಗ್ಗೆ ಕಿತ್ತ ಎಲೆ ಸಂಜೆಯೊಳಗೆ ಕಾರ್ಖಾನೆಯನ್ನು ಸೇರಬೇಕು. ಕಿತ್ತ ಮೇಲೂ ಎಲೆ ಉಸಿರಾಡುತ್ತಲೇ ಇರುತ್ತದೆ. ಉಸಿರಾಟದಿಂದ ಶಾಖ ಹುಟ್ಟುತ್ತದೆ. ಚೀಲದಲ್ಲಿ ಅಮುಕಿ ತುಂಬಿದ ಎಲೆಗಳ ನಡುವಿನಿಂದ ಆ ಶಾಖವು ಹೊರಬೀಳಲಾರದೆ, ಕೆಲವೇ ಗಂಟೆಗಳಲ್ಲಿ ಎಲೆ ಬೆಂದಂತಾಗಿ ಕೆಂಪೇರುತ್ತದೆ. ಕೆಂಪೇರಿದ ಎಲೆಗೆ ಯಾರೂ ಒಳ್ಳೆಯ ಬೆಲೆ ಕೊಡುವುದಿಲ್ಲ. ಹೀಗಿರಲಾಗಿ, ತೋಟದ ಅಂಚಿಗೆ ಗಾಡಿ ತಂದು ನಿಲ್ಲಿಸಿದ ದಲ್ಲಾಳಿಯು ಆ ದಿನ ಯಾವ ಬೆಲೆಯನ್ನು ನುಡಿದನೋ ಅದೇ ಬೆಲೆ.

ಭೌತಶಾಸ್ತ್ರವನ್ನು ಬೋಧಿಸುವವನಿಗೆ ಚಹಾದ ಧಾರಣೆಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಈ ಬೆಲೆಯ ಪ್ರಶ್ನೆಯ ಬುಡವನ್ನು ಅಗೆದು ನೋಡಿದರೆ ಅಲ್ಲಿ ಸಿಕ್ಕುವುದು ನೀರು. ಎಲೆಯೊಳಗಿನ ನೀರನ್ನು ಯಾರು, ಎಲ್ಲಿ, ಎಷ್ಟು ಹೊತ್ತಿನಲ್ಲಿ, ಎಷ್ಟು ಸೌದೆ ಸುಟ್ಟು ಹೊರಕ್ಕೆ ಓಡಿಸುತ್ತಾರೆ ಎಂಬುದರ ಮೇಲೆ ಉಳಿದುದೆಲ್ಲ ನಿಂತಿದೆ. ಅಸ್ಸಾಮಿನ ಕೆಲವು ಸಣ್ಣ ಬೆಳೆಗಾರರು ಈಚಿನ ವರ್ಷಗಳಲ್ಲಿ ತಮ್ಮ ಎಲೆಯ ಒಂದು ಪಾಲನ್ನು ಕಾರ್ಖಾನೆಗೆ ಕೊಡದೆ, ಮನೆಯಂಗಳದಲ್ಲಿಯೇ ಬಾಡಿಸಿ, ಕೈಯಿಂದ ಹೊಸೆದು, ಬಾಣಲೆಯಲ್ಲಿ ಹುರಿದು, ಸಿದ್ಧ ಚಹಾವನ್ನೇ ಮಾರತೊಡಗಿದ್ದಾರೆ. ಈ ಉದ್ಯೋಗವನ್ನು ಕೆಲವರು ಹಳೆಯ ಕಾಲದ ಮೋಹವೆಂದು ತಳ್ಳಿಹಾಕುತ್ತಾರೆ. ಕೆಲವರು ಕೈಯ ಮಹಿಮೆಯೆಂದು ಕೊಂಡಾಡುತ್ತಾರೆ. ಎರಡು ಮಾತುಗಳೂ ನನಗೆ ಒಪ್ಪಿಗೆಯಾಗಿಲ್ಲ. ಎಲೆಯ ಅವಸರವನ್ನು ಬೆಳೆಗಾರನು ತನ್ನ ಮನೆಯಲ್ಲಿಯೇ ನಿಲ್ಲಿಸಬಲ್ಲವನಾದರೆ, 'ಈ ಬೆಲೆಗೆ ಇಂದು ಕೊಡುವುದಿಲ್ಲ' ಎನ್ನುವ ಸ್ವಾತಂತ್ರ್ಯ ಅವನಿಗೆ ದೊರೆಯುತ್ತದೆ. ಆ ಸ್ವಾತಂತ್ರ್ಯವನ್ನು ದೊರಕಿಸುವ ಕೆಲಸದಲ್ಲಿ ನಮ್ಮ ವಿಜ್ಞಾನವು ಅವನ ನೆರವಿಗೆ ಬಂದದ್ದು ಬಹಳ ಕಡಿಮೆಯೆಂಬುದು ನನ್ನ ಅಭಿಪ್ರಾಯ.

ಮಂಡ್ಯದ ಕಡೆಯ ಕಬ್ಬಿನ ಬೆಳೆಗಾರರನ್ನು ನೆನೆದರೆ ಈ ಮಾತು ಇನ್ನೂ ಸ್ಪಷ್ಟವಾದೀತು. ಕಡಿದ ಕಬ್ಬೂ ಚಹಾ ಎಲೆಯಂತೆ ಅವಸರದ ಪದಾರ್ಥವೇ; ಕಡಿದಿಟ್ಟ ದಿನಗಳು ಹೆಚ್ಚಿದಂತೆ ಅದರ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತ ಹೋಗುತ್ತವೆ. ಕಾರ್ಖಾನೆಯು ಕಬ್ಬನ್ನು ಒಯ್ಯಲು ತಡಮಾಡಿದಾಗ ರೈತನಿಗೆ ಇರುವ ಇನ್ನೊಂದು ಬಾಗಿಲು ಆಲೆಮನೆ. ಆಲೆಮನೆಯ ಬೆಲ್ಲವು ದೇಶದ ಸಕ್ಕರೆಯ ಅಗತ್ಯವನ್ನೆಲ್ಲ ಪೂರೈಸಲಾರದು, ನಿಜ. ಆದರೆ ಊರಿನಲ್ಲಿ ನಾಲ್ಕು ಆಲೆಮನೆಗಳು ಹೊಗೆಯಾಡುತ್ತಿರುವಷ್ಟು ಕಾಲ ಕಬ್ಬು ಕೊಳ್ಳುವವರು ರೈತನೊಡನೆ ಆಡುವ ಮಾತಿನ ಧಾಟಿಯೇ ಬೇರೆ. ಚಹಾದ ಸೀಮೆಯಲ್ಲಿ ಇಂಥ ಆಲೆಮನೆ ಇರಲಿಲ್ಲ. ಅಥವಾ, ಇದ್ದದ್ದು ಮರೆತುಹೋಗಿತ್ತು.

ಮರೆತುಹೋಗಿತ್ತೆನ್ನಲು ಆಧಾರವಿದೆ. ಅಸ್ಸಾಮಿನ ಮೇಲ್ಭಾಗದಲ್ಲಿಯೂ ಅದಕ್ಕೆ ಹೊಂದಿಕೊಂಡ ಅರುಣಾಚಲದ ಸೀಮೆಯಲ್ಲಿಯೂ ವಾಸಿಸುವ ಸಿಂಗ್‌ಫೋ ಜನರು ಆಂಗ್ಲರು ಆ ಕಡೆಗೆ ಬರುವುದಕ್ಕೆ ಮುಂಚೆಯೇ ಚಹಾ ಕುಡಿಯುತ್ತಿದ್ದರು. ಅವರ ಚಹಾದ ಹೆಸರು ಫಲಾಪ್. ಎಳೆಯ ಎಲೆಗಳನ್ನು ಬಾಣಲೆಯಲ್ಲಿ ಬಾಡುವಷ್ಟು ಹುರಿದು, ಕೈಯಿಂದ ತಿಕ್ಕಿ, ಬಿಸಿಲಿನಲ್ಲಿ ಒಣಗಿಸಿ, ಬಿದಿರಿನ ಕೊಳವೆಯಲ್ಲಿ ಗಿಡಿದು ತುಂಬಿ, ಒಲೆಯ ಮೇಲೆ ಹೊಗೆ ತಾಗುವಂತೆ ಇಡುತ್ತಾರೆ. ಕೆಲವು ಕಾಲದ ಮೇಲೆ ಅದು ಕೊಳವೆಯ ಆಕಾರದ ಗಟ್ಟಿಯಾಗುತ್ತದೆ. ಬೇಕಾದಾಗ ಒಂದು ಬಿಲ್ಲೆ ಕೊಯ್ದು ನೀರಿಗೆ ಹಾಕುವುದು. ಹೀಗೆ ಕಟ್ಟಿದ ಚಹಾ ವರ್ಷಗಟ್ಟಲೆ ಉಳಿಯುತ್ತದೆ. ಅಡಕೆಯಂತೆ, ರಾಗಿಯಂತೆ, ಕಾಯಬಲ್ಲ ಪದಾರ್ಥ! ೧೮೨೩ರಲ್ಲಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟ್ಲೆಂಡಿನ ವ್ಯಾಪಾರಿಗೆ ಅಸ್ಸಾಮಿನ ಚಹಾ ಗಿಡದ ಪರಿಚಯವಾದದ್ದು ಸಿಂಗ್‌ಫೋ ನಾಯಕನೊಬ್ಬನಿಂದಲೇ. ಮುಂದೆ ಅವನ ಸೋದರ ಚಾರ್ಲ್ಸ್ ಬ್ರೂಸನು ತೋಟಗಳನ್ನು ಎಬ್ಬಿಸಿದನು. ೧೮೩೯ರ ಜನವರಿಯಲ್ಲಿ ಲಂಡನ್ನಿನಲ್ಲಿ ಹರಾಜಾದ ಅಸ್ಸಾಮಿನ ಮೊದಲ ಎಂಟು ಪೆಟ್ಟಿಗೆ ಚಹಾವು ಚೀನದಿಂದ ಕರೆತಂದ ಕುಶಲಿಗಳು ಹೇಳಿಕೊಟ್ಟಂತೆ ಕೈಯಿಂದ ತಯಾರಾದದ್ದು. ಆ ಕಾಲದಲ್ಲಿ ಲೋಕದ ಚಹಾವೆಲ್ಲ ಕೈತಯಾರಿಕೆಯದೇ; ಹಾಗೆಂದು ಹೆಸರಿಡಬೇಕಾದ ಅಗತ್ಯವೇ ಯಾರಿಗೂ ತೋರಿರಲಿಲ್ಲ.

ಯಂತ್ರಗಳು ಬಂದದ್ದು ೧೮೭೦ರ ದಶಕದಲ್ಲಿ. ವಿಲಿಯಂ ಜಾಕ್ಸನ್ ಎಂಬುವನು ಎಲೆಯನ್ನು ಹೊಸೆಯುವ ಯಂತ್ರವನ್ನೂ, ಸ್ಯಾಮ್ಯುಯೆಲ್ ಡೇವಿಡ್‌ಸನ್ ಎಂಬುವನು ಬಿಸಿಗಾಳಿಯಿಂದ ಒಣಗಿಸುವ ಯಂತ್ರವನ್ನೂ ರೂಪಿಸಿದರು. ೧೯೩೦ರ ಸುಮಾರಿಗೆ ವಿಲಿಯಂ ಮೆಕ್‌ಕರ್ಚರ್ ಎಂಬುವನು ಅಸ್ಸಾಮಿನಲ್ಲಿಯೇ ಇನ್ನೊಂದು ಯಂತ್ರವನ್ನು ಕಂಡುಹಿಡಿದನು. ಹಲ್ಲುಗಳುಳ್ಳ ಎರಡು ಉರುಳೆಗಳು ಬೇರೆ ಬೇರೆ ವೇಗದಲ್ಲಿ ಎದುರುಬದುರಾಗಿ ತಿರುಗುತ್ತಿರುತ್ತವೆ. ನಡುವೆ ಸಿಕ್ಕ ಎಲೆ ಜಜ್ಜಿ, ಹರಿದು, ಸುರುಳಿಗೊಂಡು ಹೊರಬೀಳುತ್ತದೆ. ಇಂದು ನಮ್ಮ ಮನೆಗಳಲ್ಲಿಯೂ ಹೋಟೆಲುಗಳಲ್ಲಿಯೂ ಹಾಲು ಹಾಕಿ ಕುದಿಸುವ ಹರಳಿನಂಥ ಸಿ.ಟಿ.ಸಿ. ಪುಡಿ ಈ ಯಂತ್ರದ ಸಂತಾನ. ಈ ಯಂತ್ರಗಳನ್ನು ನಾನು ಹಳಿಯುವವನಲ್ಲ. ಬಡವನ ಕೈಗೂ ಒಂದು ಲೋಟ ಚಹಾ ಬಂದದ್ದು ಇವುಗಳಿಂದಲೇ. ಆದರೆ ಯಂತ್ರ ದೊಡ್ಡದಾದಂತೆಲ್ಲ ಅದನ್ನು ಕೊಳ್ಳಬಲ್ಲವರ ಸಂಖ್ಯೆ ಕಿರಿದಾಯಿತು.

ಸಣ್ಣ ಬೆಳೆಗಾರರು ಈ ಚರಿತ್ರೆಯೊಳಗೆ ಕಾಲಿಟ್ಟದ್ದು ತೀರ ಈಚೆಗೆ. ಅಸ್ಸಾಮಿನ ಗೋಲಾಘಾಟ್ ಸೀಮೆಯಲ್ಲಿ ೧೯೭೮ರಲ್ಲಿ, ಆಗ ರಾಜ್ಯದ ಕೃಷಿ ಮಂತ್ರಿಗಳಾಗಿದ್ದ ಸೋನೇಶ್ವರ ಬೋರಾ ಅವರ ಪ್ರೋತ್ಸಾಹದಿಂದ, ಸಾಮಾನ್ಯ ರೈತರೂ ಮನೆಯ ಹಿಂದಿನ ಎತ್ತರದ ನೆಲದಲ್ಲಿ ಚಹಾ ಹಾಕತೊಡಗಿದರು. ಇಂದು ದೇಶದಲ್ಲಿ ಇಂಥವರು ಎರಡು ಲಕ್ಷಕ್ಕೂ ಮೇಲ್ಪಟ್ಟು ಇದ್ದಾರೆ. ೧೦.೧೨ ಹೆಕ್ಟೇರಿನವರೆಗೆ ಭೂಮಿಯುಳ್ಳವರು ಸಣ್ಣ ಬೆಳೆಗಾರರೆಂದು ಲೆಕ್ಕವಾದರೂ, ಬಹುಮಂದಿಯದು ಒಂದೆರಡು ಎಕರೆಯ ಬದುಕು. ೨೦೨೩ರಲ್ಲಿ ಭಾರತದಲ್ಲಿ ತಯಾರಾದ ಚಹಾ ಸುಮಾರು ೧೩೯ ಕೋಟಿ ಕಿಲೋಗ್ರಾಂ. ಅದರಲ್ಲಿ ಅರ್ಧದಷ್ಟು ಇವರ ಎಲೆಯಿಂದ ಬಂದದ್ದು. ಅರ್ಧ ದೇಶದ ಚಹಾ ಬೆಳೆಯುವವರು ಚಹಾ ತಯಾರಿಸುವವರಲ್ಲ, ಎಲೆ ಒದಗಿಸುವವರು ಮಾತ್ರ. ಎಲೆಯನ್ನು ಕೊಂಡು ಚಹಾ ಮಾಡುವುದಕ್ಕೆಂದೇ ಬೇರೆ ಕಾರ್ಖಾನೆಗಳಿವೆ. ಹಸಿ ಎಲೆಗೆ ಇಂತಿಷ್ಟು ಕನಿಷ್ಠ ಬೆಲೆಯೆಂದು ಚಹಾ ಮಂಡಲಿಯು ಜಿಲ್ಲೆವಾರು ಪ್ರಕಟಿಸುವುದುಂಟು. ಸಂಜೆ ಆರು ಗಂಟೆಗೆ ಕೆಂಪೇರುತ್ತಿರುವ ಚೀಲದ ಪಕ್ಕದಲ್ಲಿ ನಿಂತವನಿಗೆ ಆ ಪ್ರಕಟಣೆಯ ಕಾಗದದಿಂದ ಎಷ್ಟು ಪ್ರಯೋಜನವೆಂಬುದನ್ನು ವಾಚಕರೇ ಊಹಿಸಬಹುದು.

ಇನ್ನು ಕೈಯಿಂದ ಚಹಾ ಮಾಡುವ ಬಗೆಯನ್ನು ನೋಡೋಣ. ಹಸಿ ಎಲೆಯ ತೂಕದಲ್ಲಿ ಸುಮಾರು ಶೇಕಡ ೭೭ ನೀರು. ಸಿದ್ಧ ಚಹಾದಲ್ಲಿ ಶೇಕಡ ೩. ಹತ್ತು ಕಿಲೋಗ್ರಾಂ ಎಲೆಯಲ್ಲಿ ಘನ ಪದಾರ್ಥ ೨.೩ ಕಿಲೋಗ್ರಾಂ, ಅದಕ್ಕೆ ಶೇಕಡ ೩ರ ತೇವ ಸೇರಿದರೆ ೨.೩೭ ಕಿಲೋಗ್ರಾಂ ಚಹಾ. ಉಳಿದ ಏಳೂವರೆ ಕಿಲೋಗ್ರಾಮಿಗೂ ಹೆಚ್ಚು ನೀರು ಆವಿಯಾಗಿ ಹೋಗಬೇಕು. ಇದರಲ್ಲಿ ಒಂದು ಭಾಗವು ಮೊದಲನೆಯ ಹಂತದಲ್ಲಿ, ಎಂದರೆ ಬಿದಿರಿನ ತಟ್ಟೆಗಳ ಮೇಲೆ ಎಲೆಯನ್ನು ತೆಳ್ಳಗೆ ಹರಡಿ ನೆರಳಿನಲ್ಲಿ ಬಾಡಿಸುವಾಗ ಹೋಗುತ್ತದೆ. ಹನ್ನೆರಡು ಹದಿನೈದು ಗಂಟೆಗಳ ಕಾಲ ಬಾಡಿ ನೀರಿನ ಅಂಶ ಶೇಕಡ ೬೫ಕ್ಕೆ ಇಳಿದಾಗ ಎಲೆ ಮೆತುವಾಗುತ್ತದೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಪುಟಿದೇಳುವುದಿಲ್ಲ. ದಂಟು ಬಗ್ಗಿಸಿದರೆ ಮುರಿಯುವುದಿಲ್ಲ. ಹತ್ತು ಕಿಲೊ ಇದ್ದದ್ದು ಆಗ ಸುಮಾರು ಆರೂವರೆ ಕಿಲೊ ಆಗಿರುತ್ತದೆ.

ಎರಡನೆಯದು ಹೊಸೆಯುವುದು. ಎಲೆಯ ಜೀವಕೋಶದಲ್ಲಿ ಕ್ಯಾಟೆಕಿನ್ ಎಂಬ ಬಣ್ಣವಿಲ್ಲದ ಪದಾರ್ಥಗಳು ಒಂದು ಕೋಣೆಯಲ್ಲಿಯೂ, ಅವುಗಳನ್ನು ಮಾರ್ಪಡಿಸಬಲ್ಲ ಕಿಣ್ವವು ಇನ್ನೊಂದು ಕೋಣೆಯಲ್ಲಿಯೂ ಇರುತ್ತವೆ. ಅಂಗೈಗಳ ನಡುವೆಯೋ ಚಾಪೆಯ ಮೇಲೆಯೋ ಎಲೆಯನ್ನು ತಿಕ್ಕಿ ಹೊಸೆದಾಗ ನಡುಗೋಡೆಗಳು ಒಡೆದು ಎರಡೂ ಕಲೆಯುತ್ತವೆ. ಗಾಳಿಯ ಆಮ್ಲಜನಕ ಜೊತೆಗೂಡುತ್ತದೆ. ಹಸಿರು ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಹುದುಗೇರಿಸುವುದೆಂದು ಚಹಾದ ಮಂದಿ ಕರೆಯುವುದು ರೂಢಿಯ ತಪ್ಪು. ಇಲ್ಲಿ ದೋಸೆ ಹಿಟ್ಟಿನಲ್ಲಿರುವಂತೆ ಸೂಕ್ಷ್ಮಜೀವಿಗಳ ವ್ಯಾಪಾರವೇನೂ ಇಲ್ಲ. ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗುವಂಥ ಉತ್ಕರ್ಷಣ ಕ್ರಿಯೆ ಅಷ್ಟೆ. ಈ ಕ್ರಿಯೆ ೨೫ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಚೆನ್ನಾಗಿ ಸಾಗುತ್ತದೆ. ಮೂವತ್ತನ್ನು ದಾಟಿದರೆ ವೇಗವೇನೋ ಹೆಚ್ಚುತ್ತದೆ, ಆದರೆ ಚಹಾದ ಚುರುಕೂ ಹೊಳಪೂ ಕುಗ್ಗುತ್ತವೆ. ಹಸಿರು ಚಹಾ ಬೇಕಾದವರು ಈ ಕ್ರಿಯೆಗೆ ಅವಕಾಶವನ್ನೇ ಕೊಡದೆ, ಹೊಸೆಯುವುದಕ್ಕೆ ಮೊದಲೇ ಎಲೆಯನ್ನು ಬಿಸಿ ಬಾಣಲೆಯಲ್ಲಿ ಆಡಿಸಿ ಕಿಣ್ವವನ್ನು ಕೊಲ್ಲುತ್ತಾರೆ. ಸಿಂಗ್‌ಫೋ ಜನರು ರಸಾಯನಶಾಸ್ತ್ರದ ಪಾಠವಿಲ್ಲದೆ ಮಾಡುತ್ತ ಬಂದದ್ದು ಇದನ್ನೇ.

ಮೂರನೆಯದು ಹುರಿಯುವುದು. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದು ಎಲ್ಲಕ್ಕಿಂತ ಸ್ವಾರಸ್ಯದ ಹಂತ. ಬಾಣಲೆಯ ತಳ ೨೦೦ ಡಿಗ್ರಿಯನ್ನು ಮುಟ್ಟಿದ್ದರೂ ಎಲೆ ಸುಡುವುದಿಲ್ಲ. ಕೆಲಸಗಾರನು ಬರಿಗೈಯಿಂದ ಅದನ್ನು ಎತ್ತಿ ತೂರುತ್ತಲೇ ಇರುತ್ತಾನೆ. ಕಾಗದದ ದೊನ್ನೆಯಲ್ಲಿ ನೀರು ಕುದಿಸಿ ತೋರಿಸುವ ಪ್ರಯೋಗವನ್ನು ನೀವು ತರಗತಿಯಲ್ಲಿ ನೋಡಿರಬಹುದು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು ೫೪೦ ಕ್ಯಾಲೊರಿ, ಎಂದರೆ ೨೨೬೦ ಜೂಲ್ ಶಾಖವನ್ನು ನುಂಗುತ್ತದೆ. ಎಲೆಯಲ್ಲಿ ನೀರಿರುವಷ್ಟು ಹೊತ್ತು ಬಂದ ಶಾಖವೆಲ್ಲ ಈ ಗುಪ್ತೋಷ್ಣಕ್ಕೆ ಸಲ್ಲುವುದರಿಂದ ಎಲೆಯ ಉಷ್ಣತೆ ನೂರನ್ನು ಮೀರಲಾರದು. ನೀರು ಮುಗಿಯುತ್ತ ಬಂದಾಗ ಈ ರಕ್ಷಣೆ ತಪ್ಪುತ್ತದೆ, ಎಲೆಯ ಉಷ್ಣತೆ ಸರಸರನೆ ಏರುತ್ತದೆ. ಕೈಯ ಬೆರಳು ಆ ಗಳಿಗೆಯನ್ನು ಹಿಡಿಯಬೇಕು. ಬೆಂಕಿ ಮಂದವಾಗಿದ್ದರೆ ಎಲೆ ಹುರಿಯುವ ಬದಲು ಬೇಯುತ್ತದೆ. ಬೆಂಕಿ ತೀಕ್ಷ್ಣವಾಗಿದ್ದರೆ ಹೊರಮೈ ಬೇಗ ಒಣಗಿ ಗಡುಸಾಗಿ ಒಳಗಿನ ತೇವಕ್ಕೆ ದಾರಿಯಿಲ್ಲದಂತಾಗುತ್ತದೆ; ಮುಟ್ಟಿದರೆ ಗರಿಗರಿಯೆನ್ನುವ ಇಂಥ ಚಹಾ ಡಬ್ಬಿಯೊಳಗೆ ಒಂದು ತಿಂಗಳು ಕುಳಿತು ಬೂಷ್ಟು ಹಿಡಿಯುತ್ತದೆ.

ಕೈಯನ್ನು ಹೊಗಳುವವರಲ್ಲಿ ನನಗಿರುವ ಜಗಳ ಇಲ್ಲಿಂದ ಪ್ರಾರಂಭವಾಗುತ್ತದೆ. ಅನುಭವಿಯ ಬೆರಳು ಅತ್ಯಂತ ಸೂಕ್ಷ್ಮವಾದ ಉಪಕರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಮೇಲೆ ಗೆರೆಗಳಿಲ್ಲ. ಆರು ಲೀಟರು ಹಾಲಿನ ಖೋವಾ ಮಾಡುವ ಅಡುಗೆಯವನನ್ನು 'ಹದ ಹೇಗೆ ತಿಳಿಯುತ್ತದೆ?' ಎಂದು ಕೇಳಿದರೆ 'ಕೈಗೆ ತಿಳಿಯುತ್ತದೆ' ಎನ್ನುತ್ತಾನೆ. ಅವನ ಮಾತು ನಿಜ, ಅವನ ಶಿಷ್ಯನಿಗೆ ಮಾತ್ರ ಅದರಿಂದ ಏನೂ ಬಗೆಹರಿಯುವುದಿಲ್ಲ. ಹಳ್ಳಿಯೊಂದರಲ್ಲಿ ಒಬ್ಬ ಬೆಳೆಗಾರನು ಮಾರ್ಚಿಯಲ್ಲಿ ಅತ್ಯುತ್ತಮವಾದ ಐದು ಕಿಲೊ ಚಹಾ ಮಾಡುತ್ತಾನೆ. ದೂರದ ಕೊಳ್ಳುವವನು ಮೆಚ್ಚಿ ಮೇ ತಿಂಗಳಲ್ಲಿ ಇಪ್ಪತ್ತು ಕಿಲೊ ಕೇಳುತ್ತಾನೆ. ಆ ಇಪ್ಪತ್ತು ಕಿಲೊ ಮೊದಲಿನಂತೆ ಇರುವುದಿಲ್ಲ. ಏಕೆ ಇರಲಿಲ್ಲವೆಂಬುದು ಇಬ್ಬರಿಗೂ ತಿಳಿಯದು, ಏಕೆಂದರೆ ಮಾರ್ಚಿಯ ಯಾವ ಅಂಕಿಯೂ ಬರೆದಿಟ್ಟಿಲ್ಲ. 'ಕೈಯಿಂದ ಮಾಡಿದ್ದು, ಹೆಚ್ಚುಕಡಿಮೆ ಇರುವುದೇ ಸೊಗಸು' ಎಂದು ಪೊಟ್ಟಣದ ಮೇಲೆ ಅಚ್ಚುಹಾಕಿಸುವ ವ್ಯಾಪಾರಿಗೆ ಇದರಿಂದ ನಷ್ಟವಿಲ್ಲ. ಎರಡನೆಯ ಸಲ ಬೇಡಿಕೆ ಬಾರದೆ ಹೋದಾಗ ನಷ್ಟ ಬೆಳೆಗಾರನದು.

ಬೇಕಾಗಿರುವ ಉಪಕರಣಗಳಾದರೂ ಎಷ್ಟು? ಒಂದು ತಕ್ಕಡಿ, ಒಂದು ಉಷ್ಣಮಾಪಕ, ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿದ ಜೋಡಿ ಉಷ್ಣಮಾಪಕ, ಒಂದು ನೋಟುಬುಕ್ಕು. ತಕ್ಕಡಿಯೊಂದರಿಂದಲೇ ಅರ್ಧ ಕೆಲಸ ನಡೆಯುತ್ತದೆ. ಆ ದಿನದ ಎಲೆಯಲ್ಲಿ ನೂರು ಗ್ರಾಮನ್ನು ಬೇರೆ ತೆಗೆದು, ತೂಕ ಇಳಿಯುವುದು ನಿಲ್ಲುವವರೆಗೆ ಸಣ್ಣ ಉರಿಯಲ್ಲಿ ಒಣಗಿಸಿದರೆ ಘನ ಪದಾರ್ಥ ಎಷ್ಟೆಂದು ಗೊತ್ತಾಗುತ್ತದೆ. ಅದು ೨೩ ಗ್ರಾಂ ಎಂದಾದರೆ, ಹತ್ತು ಕಿಲೊ ಎಲೆಯು ೨.೩೭ ಕಿಲೊಗೆ ಇಳಿಯುವವರೆಗೆ ಚಹಾ ಸಿದ್ಧವಾಗಿಲ್ಲ. ಎರಡೂವರೆ ಕಿಲೊ ತೂಗುತ್ತಿರುವಾಗ ಬೆರಳು ಏನೇ ಹೇಳಲಿ, ಒಳಗೆ ಶೇಕಡ ೮ರಷ್ಟು ನೀರು ಅಡಗಿದೆಯೆಂದೇ ಲೆಕ್ಕ. ಎಂಟನೆಯ ತರಗತಿಯ ಗಣಿತಕ್ಕಿಂತ ಹೆಚ್ಚಿನದೇನೂ ಇದರಲ್ಲಿಲ್ಲ. ಆದರೂ ಕೈಚಹಾದ ಬಗ್ಗೆ ಪ್ರಕಟವಾಗುವ ಬರೆಹಗಳಲ್ಲಿ ಎಲೆ ಕೀಳುವವಳ ನಗುಮುಖದ ಚಿತ್ರವಿರುತ್ತದೆ, ಬೆಟ್ಟದ ಮಂಜಿನ ವರ್ಣನೆಯಿರುತ್ತದೆ. ತಕ್ಕಡಿಯ ಸುದ್ದಿ ಮಾತ್ರ ಕಾಣುವುದಿಲ್ಲ.

ಹೊಗೆಯ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಸೌದೆಯ ಹೊಗೆ ತಾಗಿದ ಚಹಾದಲ್ಲಿ ಆಂಥ್ರಕ್ವಿನೋನ್ ಎಂಬ ಪದಾರ್ಥ ಸೇರುವ ಸಂಭವವಿದೆ. ಐರೋಪ್ಯ ಒಕ್ಕೂಟವು ಚಹಾದಲ್ಲಿ ಅದಕ್ಕೆ ವಿಧಿಸಿರುವ ಮಿತಿ ಕಿಲೋಗ್ರಾಮಿಗೆ ೦.೦೨ ಮಿಲಿಗ್ರಾಂ. ಹೊಗೆಯ ಪರಿಮಳವೇ ಫಲಾಪಿನ ಪ್ರಾಣವಾದ್ದರಿಂದ ಸಿಂಗ್‌ಫೋ ಮನೆಯಲ್ಲಿ ಅದನ್ನು ಬಿಡೆನ್ನಲು ನಾವು ಯಾರು? ಆದರೆ ದೂರದ ಮಾರುಕಟ್ಟೆಯನ್ನು ನೆಚ್ಚಿ ಚಹಾ ಹುರಿಯುವ ಬೆಳೆಗಾರನಿಗೆ ಹೊಗೆಯನ್ನು ಬೇರೆ ದಾರಿಯಲ್ಲಿ ಒಯ್ಯುವ ಒಲೆ ಬೇಕೇ ಬೇಕು. ಹಾಗೆ ಬೇರೆ ಒಯ್ದ ಹೊಗೆಯಿಂದ ಇನ್ನೊಂದು ಪ್ರಯೋಜನವೂ ಉಂಟು. ಅದನ್ನು ಮುಂದೆ ಹೇಳುತ್ತೇನೆ.

ಎದುರು ಪಕ್ಷದವರ ವಾದವನ್ನೂ ಕೇಳಬೇಕಾದದ್ದು ನ್ಯಾಯ. ಒಂದು ಕಿಲೊ ಕೈಚಹಾಕ್ಕೆ ಎರಡು ಎಲೆ ಒಂದು ಮೊಗ್ಗಿನ ಸಾವಿರಾರು ಕುಡಿಗಳನ್ನು ಒಂದೊಂದಾಗಿ ಕೀಳಬೇಕು. ಒಂದು ಸಂಸಾರ ದಿನಕ್ಕೆ ಮಾಡಬಲ್ಲದ್ದು ಕೆಲವೇ ಕಿಲೊ. ಬೆಲೆ ಏರಿದಂತೆ ಕೊಳ್ಳುವವರು ವಿರಳ. ಹಾಲು ಸಕ್ಕರೆ ಹಾಕಿ ಕುಡಿಯುವ ನಮ್ಮ ದೇಶದ ನಾಲಗೆಗೆ ಈ ತಿಳಿಯಾದ ಚಹಾ ಹಿಡಿಸುವುದೂ ಕಷ್ಟ. ಎರಡು ಲಕ್ಷ ಮಂದಿಯೂ ಕೈಚಹಾ ಮಾಡಿದರೆ ಅದನ್ನು ಕುಡಿಯುವವರು ಯಾರು? ಈ ವಾದದ ಒಂದೊಂದು ಮಾತನ್ನೂ ನಾನು ಒಪ್ಪುತ್ತೇನೆ. ಎಲೆಯ ಬಹುಭಾಗ ನಾಳೆಯೂ ಕಾರ್ಖಾನೆಗೇ ಹೋಗುವುದು, ಹೋಗಲಿ. ನಾನು ಕೇಳುತ್ತಿರುವುದು ಹತ್ತರಲ್ಲಿ ಒಂದು ಪಾಲಿನ ಮಾತು. ಬೆಲೆ ಬಿದ್ದ ವಾರದಲ್ಲಿ ಎಲೆಯ ಒಂದು ಪಾಲನ್ನಾದರೂ ಹಿಡಿದಿಟ್ಟುಕೊಳ್ಳುವ ಉಪಾಯ ಹಳ್ಳಿಯಲ್ಲಿ ಇದೆಯೆಂಬುದು ದಲ್ಲಾಳಿಗೆ ತಿಳಿದರೆ ಸಾಕು.

ಸಹಕಾರಿ ಕಾರ್ಖಾನೆಯೇ ಇದಕ್ಕೆ ಮದ್ದೆಂದು ಕೆಲವರು ಹೇಳುತ್ತಾರೆ. ಅದರ ಪರೀಕ್ಷೆ ನಮ್ಮ ನೆರೆಯಲ್ಲಿಯೇ ನಡೆದಿದೆ. ನೀಲಗಿರಿಯ ಬಡಗರು ಕನ್ನಡಕ್ಕೆ ಬಹು ಸಮೀಪದ ನುಡಿಯನ್ನಾಡುವ ಜನ. ಅವರಲ್ಲಿ ಬಹಳ ಮಂದಿ ಸಣ್ಣ ಚಹಾ ಬೆಳೆಗಾರರು. ೧೯೬೨ರಲ್ಲಿ ಕುಂದಾದಲ್ಲಿ ಅಲ್ಲಿನ ಮೊದಲ ಸಹಕಾರಿ ಚಹಾ ಕಾರ್ಖಾನೆ ಸ್ಥಾಪನೆಯಾಯಿತು, ೧೯೬೫ರಲ್ಲಿ ಇಂಥವುಗಳ ಒಕ್ಕೂಟವೂ ಹುಟ್ಟಿತು. ಅನೇಕ ವರ್ಷ ಅವುಗಳಿಂದ ಒಳಿತಾಯಿತು. ಆದರೆ ೧೯೯೧ರಲ್ಲಿ ಸೋವಿಯತ್ ಒಕ್ಕೂಟ ಒಡೆದು, ಅಲ್ಲಿಗೆ ಹೋಗುತ್ತಿದ್ದ ಚಹಾಕ್ಕೆ ಗಿರಾಕಿ ತಪ್ಪಿದಂತಾಗಿ, ಆ ದಶಕದ ಕೊನೆಗೆ ಧಾರಣೆ ಕುಸಿದಾಗ ಸಹಕಾರಿ ಕಾರ್ಖಾನೆಗೂ ಖಾಸಗಿ ಕಾರ್ಖಾನೆಗೂ ಒಂದೇ ಗತಿಯಾಯಿತು. ೨೦೨೩ರಲ್ಲಿಯೂ ನೀಲಗಿರಿಯ ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಸರದಿ ಉಪವಾಸ ಕುಳಿತರು. ಸಹಕಾರವು ದಲ್ಲಾಳಿಯಿಂದ ಬಿಡಿಸಬಲ್ಲದು. ಒಂದೇ ಬಗೆಯ ಪುಡಿಯನ್ನು ಒಂದೇ ಹರಾಜುಕಟ್ಟೆಗೆ ಒಯ್ಯುವಷ್ಟು ಕಾಲ ಹರಾಜಿನಿಂದ ಬಿಡಿಸಲಾರದು.

ಈಗ ಕೈಚಹಾದ ನಿಜವಾದ ಅಡ್ಡಿಗೆ ಬರೋಣ. ಅಸ್ಸಾಮಿನಲ್ಲಿ ಎಲೆ ಸಮೃದ್ಧವಾಗಿ ಚಿಗುರುವುದು ಮಳೆಗಾಲದಲ್ಲಿ. ಬೆಲೆ ಬೀಳುವುದೂ, ಕಾರ್ಖಾನೆಗಳು ಎಲೆ ಬೇಡವೆನ್ನುವುದೂ ಆಗಲೇ. ಕೈಚಹಾ ಮಾಡಲಾಗದ ಕಾಲವೂ ಅದೇ! ಜುಲೈ ತಿಂಗಳ ಗಾಳಿಯು ನೀರಿನಿಂದ ತುಂಬಿ ತುಳುಕುತ್ತಿರುವುದರಿಂದ ತಟ್ಟೆಯ ಮೇಲಿನ ಎಲೆ ಬಾಡುವುದಿಲ್ಲ. ಬಾಡುವ ಮೊದಲೇ ಕೆಡುತ್ತದೆ. ಆದ್ದರಿಂದ ಕೈಚಹಾ ಮಾಡುವವರು ವಸಂತದ ಚಿಗುರಿನಲ್ಲಿಯೇ ತಮ್ಮ ಕೆಲಸವನ್ನು ಮುಗಿಸುವುದು ಹೆಚ್ಚು. ನೆರವು ಅತ್ಯಗತ್ಯವಾದ ತಿಂಗಳಲ್ಲಿ ಕೈಬಿಡುವ ಉಪಾಯವನ್ನು ಉಪಾಯವೆನ್ನುವುದು ಹೇಗೆ? ಜೋರ್ಹಾಟಿನ ಟೋಕ್ಲಾಯ್ ಸಂಶೋಧನಾ ಕೇಂದ್ರವು ೧೯೧೧ರಿಂದ ಚಹಾದ ವಿಜ್ಞಾನಕ್ಕೆ ಸಲ್ಲಿಸಿರುವ ಸೇವೆ ದೊಡ್ಡದು. ಆದರೆ ಒಟ್ಟಿನಲ್ಲಿ ನೋಡಿದರೆ ನೂರು ವರ್ಷಗಳ ಚಹಾ ಶಿಲ್ಪಶಾಸ್ತ್ರವು ಸಾವಿರಾರು ಕಿಲೊ ಎಲೆಯನ್ನು ಒಮ್ಮೆಗೇ ಬಾಡಿಸುವ ತೊಟ್ಟಿಗಳಿಗೂ ದೊಡ್ಡ ಬೀಸಣಿಗೆಗಳಿಗೂ ಮೀಸಲಾಯಿತು. ಹತ್ತು ಕಿಲೊ ಎಲೆಯ ಸಮಸ್ಯೆ ಯಾರಿಗೂ ಘನವಾದ ಸಮಸ್ಯೆಯಾಗಿ ತೋರಲಿಲ್ಲ.

ಅದರ ಲೆಕ್ಕವನ್ನು ನಾನು ಕಾಗದದ ಮೇಲೆ ಹಾಕಿ ನೋಡಿದ್ದೇನೆ, ವಿದ್ಯಾರ್ಥಿಗಳು ಪರಿಶೀಲಿಸಬಹುದು. ಗಾಳಿಯ ಉಷ್ಣತೆ ೨೭ ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ ೯೫ ಇರಲಿ. ೨೭ ಡಿಗ್ರಿಯಲ್ಲಿ ನೀರಿನ ಸಂತೃಪ್ತ ಆವಿಯ ಒತ್ತಡ ೩.೫೭ ಕಿಲೊಪಾಸ್ಕಲ್, ಗಾಳಿಯಲ್ಲಿರುವ ಆವಿಯ ಒತ್ತಡ ಅದರ ಶೇಕಡ ೯೫, ಎಂದರೆ ೩.೩೯. ಈ ಗಾಳಿಯನ್ನು ಐದೇ ಡಿಗ್ರಿ ಬಿಸಿಮಾಡಿ ೩೨ಕ್ಕೆ ಏರಿಸಿದರೆ ಸಂತೃಪ್ತ ಒತ್ತಡ ೪.೭೬ ಆಗುತ್ತದೆ, ಆರ್ದ್ರತೆ ಶೇಕಡ ೭೧ಕ್ಕೆ ಇಳಿಯುತ್ತದೆ. ಅದು ಎಲೆ ಬಾಡಲು ತಕ್ಕ ಗಾಳಿ. ನೀರು ಆರುವಾಗ ಎಲೆ ತಾನೇ ತಂಪಾಗುವುದರಿಂದ ಐದು ಡಿಗ್ರಿಯ ಏರಿಕೆ ಅದಕ್ಕೆ ಬಾಧಕವೂ ಅಲ್ಲ. ಇಂಥ ಗಾಳಿ ಘನಮೀಟರಿಗೆ ಸುಮಾರು ಒಂದೂವರೆ ಗ್ರಾಂ ನೀರನ್ನು ಹೊತ್ತೊಯ್ಯುತ್ತದೆಂದು ಇಟ್ಟುಕೊಂಡರೆ, ಹತ್ತು ಕಿಲೊ ಎಲೆಯಿಂದ ಮೂರೂವರೆ ಕಿಲೊ ನೀರನ್ನು ತೆಗೆಯಲು ೨೩೦೦ ಘನಮೀಟರು ಗಾಳಿ ಬೇಕು. ಹನ್ನೆರಡು ಗಂಟೆಗಳಿಗೆ ಹಂಚಿದರೆ ಗಂಟೆಗೆ ಇನ್ನೂರಕ್ಕೂ ಕಡಿಮೆ. ಒಂದು ಪುಟ್ಟ ಬೀಸಣಿಗೆಯ ಕೆಲಸ. ಅಷ್ಟು ಗಾಳಿಯನ್ನು ಐದು ಡಿಗ್ರಿ ಕಾಯಿಸಲು ಬೇಕಾದ ಶಾಖ ಹದಿನಾಲ್ಕು ಮೆಗಾಜೂಲಿನೊಳಗೆ. ಒಂದು ಕಿಲೊ ಒಣಸೌದೆ ಪೂರ್ತಿ ಉರಿದರೆ ಬರುವ ಶಾಖ ಹೆಚ್ಚುಕಡಿಮೆ ಅಷ್ಟೇ.

ಆ ಒಂದು ಕಿಲೊ ಸೌದೆಯನ್ನು ಬೇರೆ ಸುಡಬೇಕಾಗಿಯೂ ಇಲ್ಲ. ಬಾಡಿದ ಎಲೆಯನ್ನು ಹುರಿದು ಒಣಗಿಸಲು ಬೇಕಾದ ಶಾಖ ಸುಮಾರು ಹನ್ನೊಂದು ಮೆಗಾಜೂಲ್, ಎಂದರೆ ಮುಕ್ಕಾಲು ಕಿಲೊ ಸೌದೆಯ ಶಾಖ. ನಮ್ಮ ಹಳ್ಳಿಯ ಒಲೆಗಳಲ್ಲಿ ಎಂಟರಲ್ಲಿ ಒಂದು ಪಾಲಿನ ಶಾಖ ಪಾತ್ರೆಗೆ ಸಲ್ಲುತ್ತದೆಂದರೂ ಹೆಚ್ಚೇ. ಎಂದರೆ ಹತ್ತು ಕಿಲೊ ಎಲೆಗೆ ಆರು ಕಿಲೊ ಸೌದೆ ಉರಿಯುತ್ತದೆ. ಐದು ಕಿಲೊಗೂ ಹೆಚ್ಚಿನ ಶಾಖ ಹೊಗೆಯೊಡನೆ ಆಕಾಶಕ್ಕೆ ಹೋಗುತ್ತದೆ. ಹೊಗೆಯನ್ನು ಬೇರೆ ಕೊಳವೆಯಲ್ಲಿ ಒಯ್ಯಬೇಕೆಂದು ಮೇಲೆ ಹೇಳಿದೆನಷ್ಟೆ. ಆ ಕೊಳವೆಯನ್ನು ನೀರು ತುಂಬಿದ ಡ್ರಮ್ಮೊಂದರ ನಡುವೆ ಹಾಯಿಸಿದರೆ? ಹುರಿಯುವ ಕೆಲಸ ಒಂದೆರಡು ಗಂಟೆಯದು, ಬಾಡಿಸುವ ಕೆಲಸ ಇಡೀ ರಾತ್ರಿಯದು. ಆದ್ದರಿಂದ ಶಾಖವನ್ನು ಕೂಡಿಟ್ಟು ನಿಧಾನವಾಗಿ ಬಿಡುವ ಪದಾರ್ಥವೊಂದು ಬೇಕು. ನೂರು ಲೀಟರು ನೀರು ೭೫ ಡಿಗ್ರಿಯಿಂದ ೪೦ಕ್ಕೆ ಇಳಿಯುವಾಗ ಬಿಡುವ ಶಾಖ ೧೪.೬ ಮೆಗಾಜೂಲ್. ಇಂದಿನ ಎಲೆಯನ್ನು ಹುರಿದ ಬೆಂಕಿ ನಾಳೆಯ ಎಲೆಯನ್ನು ಬಾಡಿಸುತ್ತದೆ.

ಡ್ರಮ್ಮಿನ ಬಿಸಿ ಗಾಳಿಗೆ ಇಳಿಯುವಂತೆ ಕೊಳವೆಗಳನ್ನು ಹೇಗೆ ಜೋಡಿಸಬೇಕು, ತಟ್ಟೆಗಳ ನಡುವೆ ಎಷ್ಟು ಅಂತರ ಬಿಡಬೇಕು, ನಡುರಾತ್ರಿಯ ಹೊತ್ತಿಗೆ ನೀರು ತಣಿದು ಬಾಡುವಿಕೆ ಕುಂಟದಂತೆ ಏನು ಮಾಡಬೇಕು, ವಿದ್ಯುತ್ತು ಕೈಕೊಟ್ಟ ರಾತ್ರಿ ಬೀಸಣಿಗೆಯ ಗತಿಯೇನು ಎಂಬ ಪ್ರಶ್ನೆಗಳು ಉಳಿದಿವೆ. ಇವು ಕಾಗದದ ಮೇಲೆ ಬಗೆಹರಿಯುವಂಥವಲ್ಲ. ಚಹಾ ಎಲೆ ಸಿಗದ ಊರಿನಲ್ಲಿಯೂ ಇವನ್ನು ಪರೀಕ್ಷಿಸಬಹುದು: ಮಳೆಗಾಲದ ಒಂದು ವಾರ ಕಾಲೇಜಿನ ಪ್ರಯೋಗಶಾಲೆಯಲ್ಲಿ ನುಗ್ಗೆ ಸೊಪ್ಪನ್ನೋ ಕರಿಬೇವನ್ನೋ ತಟ್ಟೆಯಲ್ಲಿ ಹರಡಿ, ಗಂಟೆಗೊಮ್ಮೆ ತೂಗಿ, ಜೋಡಿ ಉಷ್ಣಮಾಪಕದ ಅಂಕಿಗಳನ್ನು ಅದರ ಪಕ್ಕದಲ್ಲಿ ಬರೆದರೆ ಮೊದಲ ರೇಖಾಚಿತ್ರ ಸಿದ್ಧವಾಗುತ್ತದೆ. ಡ್ರಮ್ಮು, ತಗಡಿನ ಕೊಳವೆ, ಹಳೆಯ ಮೇಜಿನ ಬೀಸಣಿಗೆ ಇವು ಗುಜರಿಯಲ್ಲಿಯೇ ದೊರೆಯುತ್ತವೆ.